ಸಂಡಿಗೆ ಬಟ್ಟೆಯ ಮೇಲಿನ ಕಲ್ಲಿದ್ದಲು

ಗುರುಬಸವ್ವ ಮಾಳಿಗೆಯ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಟ್ಟಳು. ಬಟ್ಟೆ ಗಾಳಿಗೆ ಹಾರದಿರಲೆಂದು, ರೈಲುಹಳಿಯ ಬಳಿ ಸಿಕ್ಕಿದ್ದ ಕಲ್ಲಿದ್ದಲಿನ ತುಂಡೊಂದನ್ನು ಅದರ ಮೂಲೆಯ ಮೇಲಿಟ್ಟು ಕೆಳಗಿಳಿದಳು.

ಕಲ್ಲಿದ್ದಲು ಪಕ್ಕದ ಸೋಲಾರ್ ಹಲಗೆಯನ್ನು ನೋಡಿ ನಕ್ಕಿತು. "ನಿನ್ನದು ದಿನಗೂಲಿಯ ಬಾಳು. ಮೋಡ ಕವಿದರೆ ಏನು ಮಾಡುವೆ?"

"ಕಾಯುವೆ," ಎಂದಿತು ಹಲಗೆ.

"ನಾನು ಕಾಯುವವನಲ್ಲ. ಕೋಟಿ ವರ್ಷದ ಬಿಸಿಲು ನನ್ನ ಹೊಟ್ಟೆಯಲ್ಲಿದೆ. ಕೇಳಿದ ಗಳಿಗೆಯಲ್ಲೇ ಕೊಡಬಲ್ಲೆ."

"ನಿಜ, ಅದು ನನ್ನಿಂದಾಗದು. ಆದರೆ ಎರಡನೆಯ ಸಲ ಕೇಳಿದರೆ?"

ಮಧ್ಯಾಹ್ನದ ಬಿಸಿಲು ಕಲ್ಲಿದ್ದಲಿನ ಕಪ್ಪು ಬೆನ್ನಿಗೆ ಇಳಿದು ಜೊಂಪು ಹತ್ತಿತು. ಆ ಜೊಂಪಿನಲ್ಲಿ ಅದು ಮತ್ತೆ ಎಲೆಯಾಗಿತ್ತು. ನೀರಲ್ಲಿ ಕಾಲಿಟ್ಟು ನಿಂತ ಯಾವುದೋ ಹಳೆಯ ಕಾಡಿನಲ್ಲಿ, ಅಂದಿನ ಬಿಸಿಲನ್ನು ಅಂದೇ ಕುಡಿಯುತ್ತ ತೂಗಾಡುತ್ತಿತ್ತು.

ಸಂಜೆ ಗುರುಬಸವ್ವ ಬಂದು ಸಂಡಿಗೆ ಮುಟ್ಟಿ ನೋಡಿದಳು. "ಇನ್ನೂ ಎರಡು ಬಿಸಿಲು ಬೇಕು," ಎಂದಳು. ಕಲ್ಲಿದ್ದಲನ್ನು ಒಲೆಗೆ ಹಾಕಲೆಂದು ಕೈಗೆತ್ತಿಕೊಂಡವಳು, "ಬೇಡ, ನಾಳೆಗೂ ಬೇಕಾಗುತ್ತದೆ," ಎಂದು ಅಲ್ಲೇ ಇಟ್ಟು ಹೋದಳು.

ಕತ್ತಲಾಗುತ್ತಿದ್ದಂತೆ ಕಲ್ಲಿದ್ದಲು ಹಲಗೆಯನ್ನು ಮೆಲ್ಲಗೆ ಕೇಳಿತು: "ಅಣ್ಣಾ, ನಾಳೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ?"