ಮೇಲಕ್ಕೆ ಹತ್ತಿದ ಅಕ್ಷರ

“ತಪ್ಪು ಕಣ್ಣಿಗೆ ಬಿದ್ದಾಗ ತಿದ್ದದೆ ಇರುವುದು ಸರಿಯೇ, ಗುರುಗಳೇ?” ಎಂದು ಶಿಷ್ಯನು ಕೇಳಿದನು.

ಸಂಜೆಯ ಭಜನೆ ಆಗಷ್ಟೇ ಮುಗಿದಿತ್ತು. ಮಠದ ಹೊಸ್ತಿಲ ಬಳಿ ಕುಳಿತು ದಿನವೂ ಹಾಡುತ್ತಿದ್ದ ಮುದುಕಿಯೊಬ್ಬಳನ್ನು ಅವನು ಹಿಂದಿನ ದಿನ ನಡುವೆಯೇ ತಡೆದು, ಎಲ್ಲರೆದುರು ಸರಿಯಾದ ಸಾಲನ್ನು ಹೇಳಿಕೊಟ್ಟಿದ್ದನು. ಗುರುಗಳು ಅದಕ್ಕೆ ಮೆಚ್ಚುಗೆಯ ಮಾತಾಡಿರಲಿಲ್ಲ. ಅದು ಅವನನ್ನು ಕೊರೆಯುತ್ತಿತ್ತು.

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಅಕ್ಷರಗಾರನೊಬ್ಬನಿದ್ದನು. ಜನರ ಹೆಸರುಗಳನ್ನು ಹಲಗೆಯ ಮೇಲೆ ಅಂದವಾಗಿ ಬರೆದುಕೊಡುವುದು ಅವನ ಕಸುಬು. ಅವನ ಬಳಿಗೆ ಅಂಬಿಗನ ಹೆಂಡತಿ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಹಲಗೆಯನ್ನು ಮುಂದಿಟ್ಟಳು. ಅದರ ಮೇಲೆ ಇದ್ದಿಲಿನಲ್ಲಿ ಬರೆದ ಒಂದೇ ಒಂದು ಹೆಸರಿತ್ತು: ತುಂಗವ್ವ.

“ನನ್ನ ಹೆಸರು, ನನ್ನ ಗಂಡ ಬರೆದದ್ದು. ಅವನಿಗೆ ಬರುತ್ತಿದ್ದದ್ದು ಇದೊಂದೇ. ಈಗ ಅವನಿಲ್ಲ, ಇದ್ದಿಲೂ ಉದುರುತ್ತಿದೆ. ಅಳಿಯದ ಹಾಗೆ ಮಾಡಿಕೊಡಪ್ಪ” ಎಂದಳು.

ಅಕ್ಷರಗಾರನು ನೋಡಿದನು. ಸೊನ್ನೆಯು ಅಕ್ಷರಕ್ಕಿಂತ ದೊಡ್ಡದಾಗಿತ್ತು. ‘ಗ’ ಒಂದು ಕಡೆಗೆ ವಾಲಿತ್ತು. ಹಲಗೆಯಲ್ಲಿ ಜಾಗ ಸಾಲದೆ ಕೊನೆಯ ಅಕ್ಷರ ಮೇಲಕ್ಕೆ ಹತ್ತಿ ಮೂಲೆಯಲ್ಲಿ ನಿಂತಿತ್ತು. ಅವನು ನಕ್ಕನು.

“ಬರೆಯುವಾಗ ಸ್ವಲ್ಪ ಹಾಕಿಕೊಂಡಿದ್ದನೇನಮ್ಮ?”

“ಇಲ್ಲಪ್ಪ. ದೋಣಿಯಲ್ಲಿ ಕೂತು ಬರೆದ. ನೀರು ಸುಮ್ಮನಿರಲಿಲ್ಲ” ಎಂದು ಅವಳೂ ನಕ್ಕಳು.

ಅವಳು ಹೋದ ಮೇಲೆ ಅವನು ಮನಸ್ಸಿಟ್ಟು ಕೆಲಸಕ್ಕೆ ಕುಳಿತನು. ಹಾಳೆಯ ಮೇಲೆ ಗೆರೆ ಎಳೆದು ಕರಡು ತೆಗೆದನು. ಸೊನ್ನೆಯನ್ನು ಅದರ ಅಳತೆಗೆ ತಂದನು. ‘ಗ’ವನ್ನು ನೆಟ್ಟಗೆ ನಿಲ್ಲಿಸಿದನು. ಅಕ್ಷರಗಳ ನಡುವಿನ ಜಾಗವನ್ನು ಸಮನಾಗಿ ಹಂಚಿ, ಕೊನೆಯದನ್ನು ಮೇಲಿನಿಂದ ಇಳಿಸಿ ಸಾಲಿಗೆ ಸೇರಿಸಿದನು. ಒಂದು ಕರಡು ಹಿಡಿಸದೆ ಇನ್ನೊಂದನ್ನು, ಅದೂ ಹಿಡಿಸದೆ ಮತ್ತೊಂದನ್ನು ಬರೆದನು. ತಲೆಕಟ್ಟುಗಳು ಒಂದೇ ಉಸಿರಿನಲ್ಲಿ ಎಳೆದಂತೆ ಕಂಡಾಗ ಅವನಿಗೆ ಸಮಾಧಾನವಾಯಿತು.

ಬಣ್ಣ ಹಚ್ಚುವ ಮುನ್ನ ಹಲಗೆಯಲ್ಲಿ ಹಳೆಯ ಗುರುತು ಉಳಿಯಬಾರದೆಂಬುದು ಆ ಕಸುಬಿನ ಕಟ್ಟಳೆ. ಅವನು ಒರಟು ಎಲೆಯಿಂದ ಹಲಗೆಯನ್ನು ಉಜ್ಜಿ ತೊಳೆದು, ಬಿಳಿ ಬಳಿದು ಒಣಗಿಸಿದನು. ಕರಡಿನ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹಾಳೆಯನ್ನು ಹಲಗೆಯ ಮೇಲಿಟ್ಟು, ಮಸಿಯ ಪುಡಿ ತಟ್ಟಿದನು. ಮೂಡಿದ ಚುಕ್ಕೆಗಳನ್ನು ಕುಂಚದಿಂದ ಕೂಡಿಸಿದನು. ಅಷ್ಟು ಚೆಲುವಾದ ಹೆಸರನ್ನು ಅವನು ಅದುವರೆಗೆ ಬರೆದಿರಲಿಲ್ಲ.

ತುಂಗವ್ವ ಬಂದಳು. ಹಲಗೆಯನ್ನು ತಿರುಗಿಸಿ ನೋಡಿದಳು.

“ಇದು ಯಾರದಪ್ಪ?”

“ನಿನ್ನದೇ, ತಾಯಿ. ನಿನ್ನದೇ ಹೆಸರು.”

“ನನಗೆ ಓದಲು ಬಾರದು. ಆ ಮೂಲೆಗೆ ಹತ್ತಿದ್ದನ್ನು ನೋಡಿ ನನ್ನ ಹೆಸರೆಂದು ತಿಳಿಯುತ್ತಿದ್ದೆ” ಎಂದು ಅವಳು ಖಾಲಿ ಮೂಲೆಯ ಮೇಲೆ ಬೆರಳಿಟ್ಟಳು.

ಅಕ್ಷರಗಾರನು ಬೇರೊಂದು ಹಲಗೆಯನ್ನು ತೆಗೆದುಕೊಂಡನು. ನೆನಪಿನಿಂದ ಹಳೆಯದನ್ನೇ ಬರೆಯಲು ತೊಡಗಿದನು. ಸೊನ್ನೆಯನ್ನು ದೊಡ್ಡದು ಮಾಡಿದನು. ಅದು ತುಂಬು ದುಂಡಗೆ ಬಂದಿತು. ‘ಗ’ವನ್ನು ವಾಲಿಸಿದನು, ವಾಲಿದ್ದೂ ಒಂದು ಬೆಡಗಾಯಿತು. ಬೇಕೆಂದೇ ಕೈ ನಡುಗಿಸಿದನು. ನಡುಕವೂ ಅಂದವಾಗಿಯೇ ಮೂಡಿತು. ಕೊನೆಗೆ ಹೊಳೆಗೆ ಹೋಗಿ ದೋಣಿಯಲ್ಲಿ ಕುಳಿತನು. ಅಲೆ ಎದ್ದಾಗಲೆಲ್ಲ ಪಳಗಿದ ಅವನ ಕೈ ತಾನಾಗಿಯೇ ಸರಿದೂಗಿಸಿಕೊಂಡಿತು.

ದಡದಲ್ಲಿ ನಿಂತಿದ್ದ ತುಂಗವ್ವ, “ಬಿಡಪ್ಪ, ಸಾಕು. ಚೆನ್ನಾಗಿಯೇ ಇದೆ. ಓದು ಬಂದವರು ನೋಡಲಿ” ಎಂದಳು. ತನ್ನ ಹಲಗೆಯನ್ನು ತೆಗೆದುಕೊಂಡು ಹೊರಟಳು. ಈ ಸಲ ಅದನ್ನು ಸೆರಗಿನಲ್ಲಿ ಸುತ್ತಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು, “ಆದರೆ ಅಕ್ಷರಗಾರನು ತಿದ್ದಿದ್ದರಲ್ಲಿ ತಪ್ಪೇನೂ ಇರಲಿಲ್ಲವಲ್ಲ, ಗುರುಗಳೇ?” ಎಂದನು.

“ಇರಲಿಲ್ಲ. ಈ ಸಂಜೆ ಹೊಸ್ತಿಲ ಬಳಿಯಿಂದ ನಿನಗೆ ಹಾಡು ಕೇಳಿಸಿತೇ?”