ಪಟ ಇರುವ ಜಾಗ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮಠದ ತಾಳೆಗರಿಗಳ ಪಟಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದೇನೆ. ಯಾವ ಪಟ ಎಲ್ಲಿದೆ ಎಂದು ಡೇಟಾಬೇಸಿನಲ್ಲಿ ಒಂದಕ್ಷರ ತಪ್ಪದೆ ಬರೆದಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಕಾಣುತ್ತವೆ. ಪಟಗಳನ್ನೂ ಡೇಟಾಬೇಸನ್ನೂ ಹಾಗೆಯೇ ಶಾಖಾಮಠಗಳಿಗೆ ಕಳಿಸಿದೆ. ಅಲ್ಲಿ ಒಂದೂ ಕಾಣುವುದಿಲ್ಲವಂತೆ. ಅವರೇ ಏನೋ ಎಡವಟ್ಟು ಮಾಡಿರಬೇಕಲ್ಲವೇ?"

ಗುರುಗಳು ನಕ್ಕರು. ತಪ್ಪನ್ನು ಇಷ್ಟು ಬೇಗ ಪಕ್ಕದೂರಿಗೆ ಸಾಗಿಸುವವರನ್ನು ಕಂಡರೆ ಅವರಿಗೆ ನಗು ಬರುತ್ತಿತ್ತು. ಕೂತುಕೋ ಎಂದು ಹೇಳಿ ಕತೆ ತೆಗೆದರು.

ಒಂದೂರಿನಲ್ಲಿ ಫೋಟೊ ತೆಗೆಯುವವನೊಬ್ಬನಿದ್ದ. ಮೂವತ್ತು ವರ್ಷದ ನೆಗೆಟಿವ್‌ಗಳನ್ನು ಡಬ್ಬಗಳಲ್ಲಿ ಜೋಡಿಸಿ, ಯಾರದು ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಯಾರು ಕೇಳಿದರೂ ಪುಸ್ತಕ ನೋಡಿ, ಕೈಚಾಚಿ ತೆಗೆದುಕೊಡುತ್ತಿದ್ದ. ಒಂದು ದಿನವೂ ತಡಕಾಡಿದ್ದಿಲ್ಲ. ಆ ಪುಸ್ತಕದ ಬಗ್ಗೆ ಅವನಿಗೆ ಸ್ವಲ್ಪ ಜಂಬವೇ ಇತ್ತು. ವಯಸ್ಸಾದ ಮೇಲೆ ಡಬ್ಬಗಳನ್ನೂ ಪುಸ್ತಕವನ್ನೂ ಬೇರೆ ಊರಿನ ಸ್ಟುಡಿಯೋದವನಿಗೆ ಒಪ್ಪಿಸಿ ಮನೆ ಸೇರಿದ.

ಹಿರಿಯರ ಹಬ್ಬಕ್ಕೆ ಮೂರು ದಿನ ಇರುವಾಗ ಒಬ್ಬ ಹೆಂಗಸು ಆ ಸ್ಟುಡಿಯೋಗೆ ಬಂದಳು. ಮನೆಯಲ್ಲಿದ್ದ ತಾಯಿಯ ಫೋಟೊವನ್ನು ಗೆದ್ದಲು ತಿಂದಿತ್ತು. ತಾಯಿ ತೆಗೆಸಿಕೊಂಡದ್ದು ಅದೊಂದೇ ಫೋಟೊ. ಯಾರ ಮುಂದೆ ಎಡೆ ಇಡಲಿ ಎಂದು ಅವಳಿಗೆ ಸಂಕಟ. ಸ್ಟುಡಿಯೋದವನು ಪುಸ್ತಕ ತೆರೆದ. ತಾಯಿಯ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ನನ್ನ ಕುರ್ಚಿಯ ಎಡಕ್ಕೆ, ಕಿಟಕಿ ಕೆಳಗಿನ ಬೀರು, ಎರಡನೇ ಖಾನೆ, ಹಿಂದಿನ ಡಬ್ಬ.’

ಅವನು ಸುತ್ತ ನೋಡಿದ. "ಇಲ್ಲಿ ಅವರ ಕುರ್ಚಿಯೂ ಇಲ್ಲ, ಕಿಟಕಿಯೂ ಇಲ್ಲ ಕಣಮ್ಮ. ಡಬ್ಬ ಮಾತ್ರ ನಾನೂರಿವೆ" ಎಂದ.

ಹೆಂಗಸು ಪುಸ್ತಕ ಹಿಡಿದುಕೊಂಡು ನೇರ ಮುದುಕನ ಮನೆಗೆ ಹೋದಳು. "ಅಣ್ಣಾ, ನೀವು ಬರೆದಿರೋದು ಸರಿಯಾಗೇ ಇದೆಯಂತೆ. ನಮ್ಮವ್ವ ಮಾತ್ರ ಸಿಗ್ತಿಲ್ಲ" ಎಂದಳು.

ಮುದುಕ ತನ್ನ ಬರಹವನ್ನು ತಾನೇ ಎರಡು ಸಲ ಓದಿದ. ನಾಚಿಕೆಯಾಯಿತು. ಅವಳ ಜೊತೆಗೇ ಬಸ್ಸು ಹತ್ತಿ ಬಂದು, ಸ್ಟುಡಿಯೋದ ನೆಲದ ಮೇಲೆ ಕೂತು ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿದ. ಹಬ್ಬದ ಹಿಂದಿನ ದಿನ ತಾಯಿ ಸಿಕ್ಕಳು. ಅಂದು ಫೋಟೊ ತೆಗೆಯುವಾಗ ನಗಬೇಡಿ ಎಂದು ಅವನು ಹೇಳಿದ್ದರೂ ನಕ್ಕುಬಿಟ್ಟಿದ್ದಳು. ಸ್ಟುಡಿಯೋದವನು ಅಂದೇ ಪ್ರಿಂಟು ಹಾಕಿಕೊಟ್ಟ ಫೋಟೊವನ್ನು ಮಗಳು ಸೆರಗಿನಲ್ಲಿ ಸುತ್ತಿಕೊಂಡು, ಸಂತೋಷದಿಂದ ಮನೆಗೆ ಹೋದಳು. ಮುದುಕ ಅಷ್ಟಕ್ಕೇ ಬಿಡಲಿಲ್ಲ. ತಿಂಗಳು ಪೂರ್ತಿ ದಿನಾ ಬಂದು, ಪ್ರತಿ ಡಬ್ಬಕ್ಕೂ ಪ್ರತಿ ಲಕೋಟೆಗೂ ಸಂಖ್ಯೆ ಹಾಕಿ, ‘ಎಂಟನೇ ಡಬ್ಬ, ಹನ್ನೆರಡನೇ ಲಕೋಟೆ’ ಎಂದು ಹೊಸ ಪುಸ್ತಕ ಬರೆದ. ಆ ಡಬ್ಬಗಳು ಆಮೇಲೆ ಇನ್ನೆರಡು ಅಂಗಡಿ ಬದಲಾಯಿಸಿದವು. ಯಾರಿಗೂ ತೊಂದರೆಯಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು" ಎಂದ ಶಿಷ್ಯ. "ಇನ್ನು ಪಟ ಎಲ್ಲಿದೆ ಎಂದು ಬರೆಯುವಾಗ ನನ್ನ ಕಂಪ್ಯೂಟರಿನಿಂದ ದಾರಿ ಶುರುಮಾಡುವುದಿಲ್ಲ. ಪಟಗಳ ಜೊತೆಗೇ ಹೋಗುವ ಫೋಲ್ಡರಿನಿಂದಲೇ ಶುರುಮಾಡಿ ಬರೆಯುತ್ತೇನೆ. ಆದರೂ ಗುರುಗಳೇ, ನಾನು ಮೊದಲು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ?"

"ಇರಲಿಲ್ಲ" ಎಂದರು ಗುರುಗಳು, "ಅದನ್ನು ಬರೆಯುವಾಗ ನಿನ್ನ ಮನಸ್ಸಿನಲ್ಲಿ ಇನ್ನೊಬ್ಬರು ಯಾರೂ ಇರಲಿಲ್ಲ."