ಹೆಸರಿನ ಮುಂದಿನ ಖಾಲಿ ಚೌಕ

ಮಂಜು ಬಿದ್ದ ದಿನ ಹೊಳೆದಂಡೆಯ ಆ ಮಠಕ್ಕೆ ಗೋಡೆಗಳೇ ಇರುತ್ತಿರಲಿಲ್ಲ. ದೋಣಿಗಳು ನೀರಿನ ಮೇಲಲ್ಲ, ಗಾಳಿಯ ಮೇಲೆ ಬರುತ್ತಿದ್ದವು.

ಅಂಥದೊಂದು ಬೆಳಿಗ್ಗೆ ಮಹಾನಂದ ಬಂದು ಅಜ್ಜಾರ ಎದುರು ಕೂತಳು. ಅಜ್ಜಾರೆಂದರೆ ಆ ಮಠದ ಗುರುಗಳು. ಸಣ್ಣ ವಯಸ್ಸಿಗೇ ಅವರ ಶಿಷ್ಯೆಯಾಗಿ ಬಂದವಳ ತಲೆಯಲ್ಲಿ ಈಗ ಬಿಳಿ ಕೂದಲು ಕಾಣತೊಡಗಿತ್ತು.

"ಅಜ್ಜಾರ, ಇವತ್ತಿನ ದಾಸೋಹ ಮುಗಿದ ಮ್ಯಾಲ ನಾ ಮಠ ಬಿಟ್ಟು ಹೊಂಟೇನ್ರಿ."

"ಯಾಕವ್ವ?"

"ಇಷ್ಟು ವರ್ಷ ನೀವು ಹೇಳಿದ್ದೆಲ್ಲಾ ಕೇಳೀನಿ. ಒಳಗ ನೋಡಿಕೊಂಡ್ರ ಏನೂ ಕಾಣವಲ್ದು. ಬರೇ ಖಾಲಿ."

ಅಜ್ಜಾರು ಹೆಸರು ಬರೆಯುವ ಸೇವೆ ಮುಗಿಸಿ ಹೋಗು ಎಂದಷ್ಟೇ ಹೇಳಿ ಹೊಳೆಯ ಕಡೆ ತಿರುಗಿದರು. ತಡೆದಾರು ಎಂದು ಒಳಗೊಳಗೇ ಆಸೆಪಟ್ಟಿದ್ದ ಮಹಾನಂದಳಿಗೆ ಅಳು ಬಂತು.

ಆ ಮಠದಲ್ಲಿ ಒಂದು ಪದ್ಧತಿ. ದಾಸೋಹಕ್ಕೆ ಕಾಣಿಕೆ ಕೊಟ್ಟವರ ಹೆಸರು ಬರೆದು, ಮುಂದೆ ಹಣದ ಗುರುತು ಮಾತ್ರ ಹಾಕುವುದು. ಅಂಕಿ ಹಾಕುವಂತಿಲ್ಲ. ರೂಪಾಯಿ ಕೊಟ್ಟವರಿಗೆ ₹, ಹೊರದೇಶದ ಭಕ್ತರು ಡಾಲರ್ ಕಳಿಸಿದರೆ $. ಎಷ್ಟು ಅನ್ನುವುದು ಕೊಟ್ಟವರಿಗೂ ಶಿವನಿಗೂ ಗೊತ್ತಿದ್ದರೆ ಸಾಕು, ನಡುವಿನವರಿಗೆ ಯಾಕೆ ಉಸಾಬರಿ?

ಹೋದ ವರ್ಷದವರೆಗೂ ಇದನ್ನೆಲ್ಲ ಗೋಡೆಗೆ ಸುಣ್ಣದಲ್ಲಿ ಬರೆಯುತ್ತಿದ್ದರು. ಈ ಸಲ ಮಹಾನಂದ ಕಚೇರಿಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ದಾಸೋಹದ ಮನೆಯ ಕಂಪ್ಯೂಟರಿಗೆ ಕಳಿಸಿದಳು. ಅದು ಯಾರೋ ಭಕ್ತರು ತಮಗೆ ಬೇಡವಾದ ಮೇಲೆ ಕೊಟ್ಟದ್ದು. ರೂಪಾಯಿಯ ಈ ಗುರುತು ಹುಟ್ಟುವುದಕ್ಕೆ ಮೊದಲೇ ಹುಟ್ಟಿತ್ತು. ಮಠದಲ್ಲಿ ಮುದುಕರಿಗೂ ಕೆಲಸ ತಪ್ಪುವುದಿಲ್ಲವಲ್ಲ, ಅದೂ ದುಡಿಯುತ್ತಿತ್ತು.

ಪಂಕ್ತಿ ಕೂತಿತು. ಎಲೆಗೆ ಬಿಸಿ ನುಚ್ಚು, ಮಜ್ಜಿಗೆ ಬಿತ್ತು. ಕಿಟಕಿಯಿಂದ ಒಳಬಂದ ಮಂಜಿನ ನಡುವೆ ಕಂಪ್ಯೂಟರಿನ ಪರದೆ ಬೆಳಗಿತು. ಹೊಳೆಗೆ ಬಿಟ್ಟ ದೀಪಗಳಂತೆ ಹೆಸರುಗಳು ಒಂದೊಂದಾಗಿ ತೇಲಿಹೋದವು.

ಡಾಲರ್ ಕಳಿಸಿದವರ ಹೆಸರಿನ ಮುಂದೆ $ ನೆಟ್ಟಗೆ ನಿಂತಿತ್ತು. ಉಳಿದವರೆಲ್ಲರ ಹೆಸರಿನ ಮುಂದೆ ಒಂದು ಖಾಲಿ ಚೌಕ.

ಪಂಕ್ತಿಯಲ್ಲಿ ಆಚೆ ದಂಡೆಯ ನಿಂಬೆವ್ವ ಇದ್ದಳು. ಹಳೆ ಬಟ್ಟೆ ಜೋಡಿಸಿ ಕವದಿ ಹೊಲಿದು ಬದುಕುವ ಮುದುಕಿ. ತನ್ನ ಹೆಸರು ಬಂದಾಗ ಕಣ್ಣು ಅಗಲಿಸಿದಳು. ಪಕ್ಕದಲ್ಲಿದ್ದ ಚೌಕವನ್ನು ನೋಡಿದಳು, ನೋಡಿಯೇ ನೋಡಿದಳು. ನಾ ಕೊಟ್ಟದ್ದು ಮಠಕ್ಕೆ ಮುಟ್ಟಿಲ್ಲ, ಕೊಡದವಳು ಹೆಂಗ ಉಣ್ಣಲಿ ಎಂದು ಪಕ್ಕದವಳಿಗೆ ಹೇಳಿ, ಎಲೆ ಮುಟ್ಟದೆ ಎದ್ದು ಹೋದಳು.

ಮಹಾನಂದ ಓಡಿಬಂದು ಚೌಕಗಳ ಜಾಗದಲ್ಲೆಲ್ಲ ರೂ ಎಂದು ಟೈಪ್ ಮಾಡಿದಳು. ಪರದೆ ಸರಿಹೋಯಿತು. ನಿಂಬೆವ್ವನ ಎಲೆಯ ಮುಂದೆ ಯಾರೂ ಇರಲಿಲ್ಲ.

ಮಹಾನಂದ ಅಜ್ಜಾರ ಬಳಿಗೆ ಹೋಗಿ, ಗುರುತು ಕಳೆದುಹೋಗಿಲ್ಲವೆಂದೂ ತಪ್ಪು ಆ ಹಳೆಯ ಕಂಪ್ಯೂಟರಿನದೆಂದೂ ಒಂದೇ ಉಸಿರಿಗೆ ಹೇಳಿದಳು.

"ನನಗ್ಯಾಕ ಹೇಳ್ತಿ? ಉಪಾಸ ಹ್ವಾದಾಕಿಗೆ ಹೇಳು."

ನಿಂಬೆವ್ವ ದೋಣಿಯೊಳಗೆ ಒಂದು ಕಾಲು ಇಟ್ಟಿದ್ದಳು. ಅಂಬಿಗ ಹುಟ್ಟು ಎತ್ತಿದ್ದ. ಮಹಾನಂದ ಏದುಸಿರು ಬಿಡುತ್ತ ಆಕೆಯ ಕೈ ಹಿಡಿದಳು.

"ಯವ್ವಾ, ನೀ ಕೊಟ್ಟದ್ದು ಮುಟ್ಟೈತಿ."

"ಮತ್ತ ಅಲ್ಲಿ ಖಾಲಿ ಐತಲ್ಲ?"

"ಖಾಲಿ ಅಲ್ಲಬೇ. ಒಂದು ಮಷಿನ್ನಿನಿಂದ ಇನ್ನೊಂದಕ್ಕ ಹೋಗೂದು ಗುರುತಿನ ಚಿತ್ರ ಅಲ್ಲ, ಬರೇ ಅದರ ಸಂಖ್ಯೆ. ಅದನ್ನ ನೋಡಿ ಗುರುತು ಬರಕೋಬೇಕಾದ್ದು ತಗೊಂಡ ಮಷಿನ್ನು. ನಮ್ಮದು ಹಳೇದು, ಈ ಗುರುತು ಬರಿಯೂದು ಅದಕ್ಕಿನ್ನೂ ಬರಂಗಿಲ್ಲ. ಅದಕ್ಕ ಚೌಕ ಹಾಕಿ ಜಾಗ ಹಿಡದೈತಿ."

"ಹಂಗಂದ್ರ ಒಳಗ ಐತಿ ಅಂತಿ?"

"ಐತಿ. ಬಂದದ್ದು ಬಂದಂಗ ಐತಿ. ಕಾಣಾಕ ಇನ್ನೂ ಆಕಾರ ಸಿಕ್ಕಿಲ್ಲ, ಅಷ್ಟ."

ನಿಂಬೆವ್ವ ಆಕೆಯ ಮುಖವನ್ನೇ ನೋಡಿದಳು. ಕವದಿಯ ಹೊಲಿಗೆ ಜಗ್ಗಿ ನೋಡುವವಳ ಹಾಗೆ ನೋಡಿದಳು. ಆಮೇಲೆ ದೋಣಿಯಿಂದ ಕಾಲು ತೆಗೆದು, ನುಚ್ಚು ಆರಿಹೋಗುವುದರೊಳಗೆ ಹೋಗುತ್ತೇನೆ ಎಂದು ಮೆಟ್ಟಿಲು ಹತ್ತಿದಳು. ನಾಲ್ಕು ಹೆಜ್ಜೆಗೆ ಮಂಜು ಆಕೆಯನ್ನು ಒಳಗೆ ತೆಗೆದುಕೊಂಡಿತು.

ಮಹಾನಂದಳಿಗೆ ಜೀವ ಹಗುರಾಯಿತು. ತಿರುಗಿ ನೋಡಿದರೆ ಕೆಳಗಿನ ಮೆಟ್ಟಿಲಲ್ಲಿ ಅಜ್ಜಾರು, ನೀರಿಗೆ ಪಾದ ಬಿಟ್ಟುಕೊಂಡು ಕೂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ.

ನೀವು ಬರೂದೇನ್ರಿ ಎಂದು ಅಂಬಿಗ ಮಹಾನಂದಳನ್ನು ಕೇಳಿದ.

ಅಜ್ಜಾರು ಹೊಳೆಯಿಂದ ಕಣ್ಣು ಕೀಳದೆ ಅಂದರು:

"ಆಕಿ ನಿನ್ನ ಮಾತು ನಂಬಿದ್ಲು. ನೀ ಯಾವಾಗ ನಂಬ್ತಿ?"